ಹೂಜಿ ಗಿಡದ ಸೊಳ್ಳೆ ಮರಿಗಳು

ನಿಮ್ಮ ಅಕ್ಕ ಏಳನೇ ತರಗತಿಯಲ್ಲಿದ್ದಾಗ ತಿಪಟೂರಿನ ನರ್ಸರಿಯಿಂದ ಹುಳ ಹಿಡಿಯುವ ಒಂದು ಹೂಜಿ ಗಿಡವನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಳು. ಎಲೆಯ ತುದಿಯಿಂದ ಬಳ್ಳಿ ಇಳಿದು, ಅದರ ಕೊನೆಯಲ್ಲಿ ಪುಟ್ಟ ಹೂಜಿ, ಅದಕ್ಕೊಂದು ಮುಚ್ಚಳ. ಅಂಥವು ಮೂರಿದ್ದವು. ಬಚ್ಚಲ ಪಕ್ಕದ ತಂಪಿನಲ್ಲಿ ತೂಗುಹಾಕಿದೆವು. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಅದನ್ನಿಡುತ್ತೇನೆಂದು ಅವಳು ಆಗಲೇ ಹೆಸರು ಬರೆಸಿ ಬಂದಿದ್ದಳು.

ಮರುದಿನವೇ ಒಂದು ಇರುವೆ ಹೂಜಿಯ ಅಂಚಿನ ಸಿಹಿ ನೆಕ್ಕುತ್ತಾ ಸುತ್ತು ಹಾಕುತ್ತಿತ್ತು. ನೋಡುನೋಡುತ್ತಿದ್ದಂತೆ ಕಾಲು ಜಾರಿ ಒಳಗೆ ಬಿತ್ತು. ಹತ್ತಿತು, ಜಾರಿತು, ಮತ್ತೆ ಹತ್ತಿತು. ಅಜ್ಜಿಯಾದ ನಾನು ಈ ವಯಸ್ಸಿನಲ್ಲಿ ಸ್ಟೂಲ್ ಹತ್ತಿ ಇರುವೆ ನೋಡುವುದನ್ನು ಯಾರಾದರೂ ಕಂಡಾರೆಂದು ನಾಚಿಕೆಯಾಯಿತು, ಆದರೆ ಇಳಿಯಲು ಮನಸ್ಸಾಗಲಿಲ್ಲ. ಒಲೆಯ ಮೇಲಿದ್ದ ಹಾಲೆಲ್ಲ ಉಕ್ಕಿಹೋಯಿತು.

ತಪ್ಪು ಮಾಡಿದ್ದು ಅದಾದ ಮೇಲೆ. ತೆಂಗಿನ ಮರ ಕೊರೆಯುವ ಕೆಂಪು ಮೂತಿ ಹುಳ ಹಿಡಿಯಲು ತೋಟದಲ್ಲಿ ಬಕೆಟ್ ಕಟ್ಟಿರುತ್ತೇವಲ್ಲ, ನಿಮ್ಮ ತಾತ ಹೋದ ಮೇಲೆ ಅದರ ಕೆಲಸ ನನ್ನದು. ವಾರಕ್ಕೊಮ್ಮೆ ಸತ್ತ ಹುಳ ಚೆಲ್ಲಿ, ಬಕೆಟ್ ತೊಳೆದು, ಹೊಸದಾಗಿ ಬೆಲ್ಲದ ನೀರು ಹಾಕಬೇಕು. ಹೂಜಿಯೂ ಹುಳ ಹಿಡಿಯುವ ಬಕೆಟ್ಟೇ ಅಂದುಕೊಂಡು ಎರಡು ಹೂಜಿಗಳನ್ನು ಬಗ್ಗಿಸಿ, ತೊಳೆದು, ಬೆಲ್ಲದ ನೀರು ತುಂಬಿದೆ. ಮೂರನೆಯದಕ್ಕೆ ನೀರು ಸಾಲಲಿಲ್ಲ. ವಾರದೊಳಗೆ ಎರಡೂ ಕಪ್ಪಾಗಿ ಮುದುಡಿದವು.

"ಆ ನೀರೇ ಅದರ ಹೊಟ್ಟೆ ಕಣಜ್ಜಿ. ಹೊಟ್ಟೇನೇ ತೊಳೆದುಬುಟ್ಟಲ್ಲ" ಎಂದಳು ನಿಮ್ಮ ಅಕ್ಕ. ಬೈಯಲಿಲ್ಲ. ಊಟ ಮಾತ್ರ ಅರ್ಧಕ್ಕೆ ಬಿಟ್ಟಳು.

ಉಳಿದ ಒಂದನ್ನು ನಾನು ಮುಟ್ಟಲೇ ಇಲ್ಲ, ಬರೀ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಟಾರ್ಚ್ ಬಿಟ್ಟರೆ, ಇರುವೆಗಳು ಕರಗುತ್ತಿದ್ದ ಆ ನೀರಿನಲ್ಲೇ ಸೊಳ್ಳೆ ಮರಿಗಳು ಬಾಲ ಕುಣಿಸುತ್ತಾ ಮೇಲೆ ಕೆಳಗೆ ಓಡಾಡುತ್ತಿದ್ದವು. ಅಕ್ಕನನ್ನು ಹಾಸಿಗೆಯಿಂದ ಎಬ್ಬಿಸಿ ಕರೆತಂದೆ.

"ಎಲ್ಲ ಸಾಯೋ ನೀರಾಗೆ ಇವು ಬದುಕವೆ ಕಣಜ್ಜಿ. ನಾನು ಇದನ್ನೇ ತೋರಿಸ್ತೀನಿ" ಎಂದು ಅವಳು ಹಲ್ಲುಜ್ಜದೆಯೇ ಚಿತ್ರ ಬರೆಯಲು ಕೂತಳು.

ಪ್ರದರ್ಶನಕ್ಕೆ ಮೂರು ದಿನವಿರುವಾಗ, ಅಕ್ಕ ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ, ಆಶಾ ಕಾರ್ಯಕರ್ತೆ ಬಂದಳು. ಡೆಂಗಿ ಕಾಲ. ತೊಟ್ಟಿ, ಡ್ರಮ್ಮು, ತೆಂಗಿನ ಚಿಪ್ಪು ಎಲ್ಲ ನೋಡಿ ಹೂಜಿಗೂ ಟಾರ್ಚ್ ಬಿಟ್ಟಳು.

"ಇದ್ರಾಗೆ ಮರಿ ಅವೆ ಕಣಜ್ಜಿ. ಸುರಿದುಬುಡ್ತೀನಿ."

ಹೊರಗಿನವರು ಬಂದರೆ ನಾನು ಬಾಗಿಲ ಮರೆಯಿಂದ ಮಾತಾಡುವವಳು. ಅವತ್ತು ಓಡಿಬಂದು ಅವಳ ಕೈ ಹಿಡಿದೆ.

"ಬೇಡ ಕಣವ್ವ. ಮೊಮ್ಮಗಳು ಇಸ್ಕೂಲಿಗೆ ಒಯ್ಯಬೇಕು."

"ಡೆಂಗಿ ಬಂದ್ರೆ ಇಸ್ಕೂಲಿನೋರು ನೋಡ್ಕತಾರಾ?"

"ಎರಡನ್ನ ನಾನೇ ಹಾಳು ಮಾಡಿವ್ನಿ. ಇದೂ ಹೋದ್ರೆ ಅವಳ ಮುಖ ಹೆಂಗೆ ನೋಡ್ಲಿ? ಮೂರು ದಿನ ಬುಡು. ಬಾಯಿಗೆ ಬಟ್ಟೆ ಕಟ್ತೀನಿ, ಒಂದು ಸೊಳ್ಳೇನೂ ಆಚೆ ಬರಾಕಿಲ್ಲ. ಆಮೇಲೆ ಒಂದೂ ಇಲ್ದಂಗೆ ನಾನೇ ತೆಗೀತೀನಿ."

"ಮಾತೇ ಆಡದ ಅಜ್ಜಿ ಇವತ್ತು ಲಾಯರ್ ಆಗವ್ರೆ" ಎಂದು ನಕ್ಕಳು. ಮತ್ತೊಮ್ಮೆ ಇಣುಕಿದಳು. "ಅಲ್ಲಾ, ಇರುವೆ ಕರಗೋ ನೀರಾಗೆ ಇವಕ್ಕೇನೂ ಆಗಾಕಿಲ್ವಾ?"

ನಿಮ್ಮ ತಾತನ ಹಳೆಯ ಪಂಚೆಯ ತುಂಡು ತಂದೆ. ದಾರ ಸುತ್ತಿದ್ದು ಅವಳೇ.

ಪ್ರದರ್ಶನ ಮುಗಿದ ಸಂಜೆ ಅಕ್ಕ ಗಿಡ ಹಿಡಿದು ಅಂಗಳದಿಂದಲೇ ಹೇಳುತ್ತಾ ಬಂದಳು. ಮೇಷ್ಟ್ರುಗಳೂ ಸಾಲಿನಲ್ಲಿ ನಿಂತು, ತೆಳು ಬಟ್ಟೆಯ ಮೇಲಿಂದಲೇ ಟಾರ್ಚ್ ಬಿಟ್ಟು ಇಣುಕಿದ್ದರಂತೆ. ಬಟ್ಟೆಯೊಳಗೆ ಎರಡು ಸೊಳ್ಳೆ ಸಿಕ್ಕಿಕೊಂಡಿದ್ದವು, ಹೊಸಕಿ ಹಾಕಿದೆ. ಮಾತು ಕೊಟ್ಟಿದ್ದೆನಲ್ಲ, ಹೂಜಿ ಬಗ್ಗಿಸಿ ನೀರನ್ನು ಅದೇ ಪಂಚೆಯಲ್ಲಿ ಲೋಟಕ್ಕೆ ಸೋಸಿದೆ. ಮರಿಗಳನ್ನು ಒಣ ಮಣ್ಣಿಗೆ ಒದರಿದೆ. ಲೋಟದ ನೀರನ್ನು ಹನಿಯೂ ಚೆಲ್ಲದೆ ಮತ್ತೆ ಹೂಜಿಗೇ ಹುಯ್ದೆ. ಈ ಸಲ ತೊಳೆಯಲಿಲ್ಲ.

ವಾರವೆಲ್ಲ ಇಬ್ಬರೂ ಎದ್ದ ಕೂಡಲೇ ಹೋಗಿ ನೋಡುತ್ತಿದ್ದೆವು. ಎಂಟನೆಯ ದಿನವೂ ಅದು ಹಸಿರಾಗೇ ಇತ್ತು. "ಅಜ್ಜಿ, ಬಿರ್ರನೆ ಬಾ, ಒಂದು ಇರುವೆ ಅಂಚಿಗೆ ಬಂದೈತೆ" ಎಂದು ಕೂಗಿದಳು. ನಾನು ಹಾಲಿನ ಒಲೆ ಆರಿಸಿ ಓಡಿದೆ.