ಪದ್ಮಾವತಮ್ಮನವರ ಸಂಜೆಯೂಟ

ದೆವ್ವ, ಪವಾಡ, ಶಕುನಗಳ ವಿಷಯದಲ್ಲಿ ನನ್ನ ನಿಲುವು ಬಹಳ ಕಾಲ ಖಚಿತವಾಗಿತ್ತು: ಇವೆಲ್ಲ ಅಜೀರ್ಣದ ಫಲ. ಹಾಸನದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಅಷ್ಟಾದರೂ ಹಟವಿರಬೇಕಲ್ಲ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಕೆಲವು ವರ್ಷಗಳ ಹಿಂದೆ ಚನ್ನರಾಯಪಟ್ಟಣದ ಹೊರಗಿನ ಒಂದು ವೃದ್ಧಾಶ್ರಮದ ಆಡಳಿತ ಸಮಿತಿಗೆ ನನ್ನನ್ನು ಸೇರಿಸಿಕೊಂಡರು. ಸಮಿತಿಯ ಘನಕಾರ್ಯವೆಂದರೆ ಆಗಾಗ ಸೇರುವುದು, ಉಪ್ಪಿಟ್ಟು ತಿನ್ನುವುದು, ಬಂದ ವಿಷಯವನ್ನು ಮುಂದಿನ ಸಭೆಗೆ ಸಾಗಹಾಕುವುದು. ಹೀಗೆ ಸಭೆಯಿಂದ ಸಭೆಗೆ ಪ್ರಯಾಣ ಮಾಡುತ್ತಿದ್ದ ವಿಷಯಗಳಲ್ಲಿ ಪದ್ಮಾವತಮ್ಮನವರ ಊಟವೂ ಒಂದು.

ಅವರು ಜೈನರು. ಬಟ್ಟೆ ವ್ಯಾಪಾರಿಯೊಬ್ಬರ ವಿಧವೆ. ತಮ್ಮವರೆನ್ನಲು ಯಾರೂ ಉಳಿದಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗಿಡುತ್ತಿರಲಿಲ್ಲ. ಅಡುಗೆಯ ಜಯಮ್ಮ ಬೇರೆ ಕಡೆಯ ಕೆಲಸ ಮುಗಿಸಿ, ಹೊಳೆನರಸೀಪುರದ ಬಸ್ಸಿಳಿದು ಒಲೆ ಹಚ್ಚುವಷ್ಟರಲ್ಲಿ ಊರಿಗೆಲ್ಲ ದೀಪ ಹತ್ತಿರುತ್ತಿತ್ತು. ಹಾಗಾಗಿ ಪದ್ಮಾವತಮ್ಮ ಮಧ್ಯಾಹ್ನ ಉಂಡರೆ ಮತ್ತೆ ಮಾರನೆಯ ಬೆಳಗ್ಗೆಯೇ. ದಿನೇ ದಿನೇ ಸೊರಗುತ್ತಿದ್ದರು.

ಮ್ಯಾನೇಜರ್ ನಂಜಪ್ಪನನ್ನು ಕೇಳಿದೆ. "ಒಬ್ರಿಗೋಸ್ಕರ ಬ್ಯಾರೆ ಒಲೆ ಅಚ್ಚಕಾಯ್ತದಾ ಸಾ? ನಾಳೆ ಸಂಕಷ್ಟಿಯೋರು ಬಂದು, ಚಂದ್ರ ಕಾಣಗಂಟ ಕಾಯ್ಕಂಡಿರು ಅಂತಾರೆ" ಎಂದ. ಅಭೇದ್ಯವಾದ ತರ್ಕ.

ಒಂದು ದಿನ ನಾನು ಸಭೆಗೆ ಹೋದಾಗ ಆಕೆ ಜ್ವರದಲ್ಲಿ ಮಲಗಿದ್ದರು. ಹೊಟ್ಟೆಗೆ ಏನಾದರೂ ಹೋಗದಿದ್ದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿ ಹೋಗಿದ್ದರು. ಇಡೀ ದಿನ ಮಂಪರಿನಲ್ಲಿದ್ದವರು ಸಂಜೆ ಕಣ್ಣುಬಿಟ್ಟು, ಹಸಿವು ಅಂದರಂತೆ. ಅವತ್ತೇ ಬಸ್ಸು ತಡ. ಜಯಮ್ಮ ಓಡೋಡಿ ಬಂದು ಅನ್ನ, ಹೆಸರುಬೇಳೆ ತೊವ್ವೆ ಮಾಡಿಕೊಟ್ಟಾಗ ಅಂಗಳದಲ್ಲಿ ಪೂರಾ ಕತ್ತಲು. ಬೇಡವೆನ್ನುತ್ತಾರೆಂದು ಗೊತ್ತಿದ್ದೂ ತಟ್ಟೆ ಹಿಡಿದು ಹೋದೆ.

ಬಾಗಿಲು ತಳ್ಳಿದರೆ, ಕೋಣೆಯಲ್ಲಿ ಬಿಸಿಲು.

ಸಂಜೆಯ ಹಳದಿ ಬಿಸಿಲು ಕಿಟಕಿಯಿಂದ ಇಳಿದು ಹಾಸಿಗೆಯ ಮೇಲೆ ಬಿದ್ದಿತ್ತು. ಅದರಲ್ಲಿ ದೂಳಿನ ಕಣಗಳು ತೇಲುತ್ತಿದ್ದವು. "ಇನ್ನೂ ಹೊತ್ತದೆ, ಕೊಡಿ ಮೇಷ್ಟ್ರೇ" ಎಂದು ಪದ್ಮಾವತಮ್ಮ ಕೈಚಾಚಿದರು. ನಿಧಾನವಾಗಿ ಉಂಡರು. ತಟ್ಟೆಯಲ್ಲೇ ಕೈ ತೊಳೆದರು. ಬಿಸಿಲು ಹೋಯಿತು.

"ಇದೇನ್ ಸಾ, ಕತ್ಲಲ್ಲಿ ಕುಂತ್ಬುಟ್ಟಿದ್ದೀರಾ? ಸ್ವಿಚ್ಚು ಸಿಕ್ಕಲಿಲ್ವಾ?" ನಂಜಪ್ಪ ಬಂದು ದೀಪ ಹಾಕಿದ. ನಾನು ಕಿಟಕಿಯತ್ತ ನೋಡಿದೆ. ಆಚೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಪಕ್ಕದ ಗೋದಾಮಿನ ಗೋಡೆ. ಆ ಕೋಣೆಗೆ ನಡುಹಗಲಲ್ಲೂ ಬಿಸಿಲು ಬರುವಂತಿರಲಿಲ್ಲ.

ಮುಂದಿನ ಸಭೆಯಲ್ಲಿ ನಂಜಪ್ಪ ವರದಿ ಒಪ್ಪಿಸಿದ: "ಆವಮ್ಮ ಕತ್ಲಾದ್ಮೇಲೆ ಉಂಡವ್ರೆ. ಮೇಷ್ಟ್ರೇ ಉಣ್ಣಿಸವ್ರೆ, ಕೇಳಿ ಬೇಕಾದ್ರೆ." ಸಮಸ್ಯೆ ಇತ್ಯರ್ಥವಾಯಿತೆಂದು ವಿಷಯವನ್ನು ಕೈಬಿಟ್ಟರು. ನಾನು ಎದ್ದು ನಿಂತು, ಇಲ್ಲ, ಆಗ ಬಿಸಿಲಿತ್ತು ಎಂದೆ. ಎಲ್ಲರೂ ಗೌರವದಿಂದ ಕೇಳಿಸಿಕೊಂಡರು. ಅಧ್ಯಕ್ಷರು ನನ್ನ ಬಿ.ಪಿ. ವಿಚಾರಿಸಿದರು.

ನಾನು ಕಡೆಯ ಸಲ ನೋಡಲು ಹೋದಾಗ ಪದ್ಮಾವತಮ್ಮ ನನ್ನ ಕೈ ಹಿಡಿದುಕೊಂಡರು. "ಮೇಷ್ಟ್ರೇ, ಅವತ್ತು ಬೆಳಕಿತ್ತು ತಾನೆ? ವ್ರತ ಎಲ್ಲೋಯ್ತು ಅಜ್ಜಿ ಅಂತ ನಂಜಪ್ಪ ನಗಾಡ್ತಾನೆ."

"ಇತ್ತಮ್ಮ" ಎಂದೆ.

ಅವರು ಕಿಟಕಿಯತ್ತ ತಿರುಗಿ ಗೋಡೆಯನ್ನೇ ನೋಡುತ್ತಿದ್ದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆ ಚಳಿಗಾಲವನ್ನು ಅವರು ದಾಟಲಿಲ್ಲ.

ಅಲ್ಲಿ ರಾತ್ರಿಯೂಟ ಇಂದಿಗೂ ಅದೇ ಹೊತ್ತಿಗೆ. ಆ ಬಿಸಿಲು ಎಲ್ಲಿಂದ ಬಂತೆಂದು ಎಷ್ಟೋ ಸಲ ಲೆಕ್ಕ ಹಾಕಿ ಸೋತಿದ್ದೇನೆ. ಬರಲು ಅದಕ್ಕೆ ದಾರಿಯಿತ್ತೆಂದಾದರೆ, ಉಳಿದ ಸಂಜೆಗಳಲ್ಲಿ ಯಾಕೆ ಬರಲಿಲ್ಲ?