ಮೇಷ್ಟ್ರ ಹಿಂದೆ ಹೋದ ಕುರಿಗಳು

ಇದನ್ನು ಓದಿ ನಗುವವರು ನಗಲಿ. ಆ ರಾತ್ರಿ ನಾನು ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ. ಗೋಡೆ ತರಚಿದ ಗುರುತು ಎಡ ಮೊಣಕೈ ಮೇಲೆ ಈಗಲೂ ಇದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ಅಷ್ಟೆ.

ಬಿ.ಎಸ್ಸಿ. ಮುಗಿಸಿದ ಮೇಲೆ ಕೊಪ್ಪ–ಬಾಳೆಹೊನ್ನೂರು ರಸ್ತೆಯ ಒಳಗಿದ್ದ ಒಂದು ಕುರಿ ಕಸಾಯಿಖಾನೆಯಲ್ಲಿ ಸೂಪರ್‌ವೈಸರ್ ಆಗಿ ಸೇರಿದ್ದೆ. ಶನಿವಾರ ಸಂಜೆ ಬಯಲುಸೀಮೆಯಿಂದ ಕುರಿಗಳ ಲಾರಿ ಬರುತ್ತಿತ್ತು. ಭಾನುವಾರ ಬೆಳಕು ಹರಿಯುವ ಮೊದಲೇ ಕೆಲಸ ಮುಗಿದು ಮಾಂಸ ಸುತ್ತಲಿನ ಪೇಟೆಗಳ ಅಂಗಡಿಗಳಿಗೆ ಹೋಗಬೇಕು. ಕುರಿಗಳಿಗೆ ರಾತ್ರಿ ನೀರು, ವಿಶ್ರಾಂತಿ ಕೊಡಬೇಕು, ಕಾಲು ಹಿಡಿದು ಎಳೆಯಬಾರದು, ಒಂದನ್ನು ಕೊಯ್ಯುವುದು ಇನ್ನೊಂದಕ್ಕೆ ಕಾಣಬಾರದು... ಇದನ್ನೆಲ್ಲ ನೋಡಿಕೊಳ್ಳುವುದು ನನ್ನ ಕೆಲಸ.

ನಿಜ ಹೇಳಬೇಕೆಂದರೆ ಅದನ್ನು ನೋಡಿಕೊಳ್ಳುತ್ತಿದ್ದದ್ದು ನಾನಲ್ಲ, ಒಂದು ಮುದಿ ಹೋತ.

ಗೊತ್ತಿಲ್ಲದ ಜಾಗಕ್ಕೆ ಕುರಿಗಳು ತಾವಾಗಿ ಕಾಲಿಡುವುದಿಲ್ಲ. ಮುಂದೆ ಆಡು ನಡೆದರೆ ಮಾತ್ರ ಹಿಂದೆ ಹೋಗುತ್ತವೆ. ದೊಡ್ಡಿಯಿಂದ ಕೊಯ್ಯುವ ಕೋಣೆಯವರೆಗೆ ಎರಡೂ ಬದಿ ಗೋಡೆಯಿದ್ದ ಇಕ್ಕಟ್ಟಾದ ಓಣಿ. ಹೋತ ಕೊರಳ ಗಂಟೆ ಆಡಿಸುತ್ತ ಮುಂದೆ ನಡೆದರೆ ಕುರಿಗಳು ಒಂದು ಸದ್ದೂ ಮಾಡದೆ ಸಾಲಾಗಿ ಹಿಂಬಾಲಿಸುತ್ತಿದ್ದವು. ಓಣಿಯ ಕೊನೆಯಲ್ಲಿ ಪಕ್ಕಕ್ಕೊಂದು ಚಿಕ್ಕ ಬಾಗಿಲು. ಹೋತ ಕೊಂಬಿನಿಂದ ಎರಡು ಸಲ ಬಡಿಯುತ್ತಿತ್ತು. ಹೊರಗಿದ್ದ ಕಾವಲುಗಾರ ತಿಮ್ಮಣ್ಣ ಚಿಲಕ ತೆಗೆಯುತ್ತಿದ್ದ. ಹೋತ ಒಂದೇ ಹೊರಗೆ ಬಂದು ಅವನ ಕೈಯಿಂದ ಬೆಲ್ಲ ತಿನ್ನುತ್ತಿತ್ತು. ಶಾಲೆ ಮಕ್ಕಳ ಹಾಗೆ ಕುರಿಗಳನ್ನು ಸಾಲಾಗಿ ಕರೆದುಕೊಂಡು ಹೋಗುತ್ತದೆಂದು ತಿಮ್ಮಣ್ಣ ಅದಕ್ಕೆ 'ಮೇಷ್ಟ್ರು' ಎಂದು ಹೆಸರಿಟ್ಟಿದ್ದ.

ಆ ಶನಿವಾರ ಲಾರಿಯಲ್ಲೇ ಒಂದು ಕುರಿ ಸತ್ತಿತ್ತು. ಮರುದಿನ ಎಲ್ಲೋ ಬೀಗರೂಟ, ಆರ್ಡರಿಗೆ ಒಂದು ಕಡಿಮೆ ಬಿತ್ತು; ಅವರಿಗೆ ಒಂದನ್ನು ಆ ಸಂಜೆಯೇ ಕೊಯ್ದು ಕಳಿಸಬೇಕಿತ್ತು. ಮಾಲೀಕ ರಮೇಶಣ್ಣ ಹೋತದ ಕಡೆ ಕೈ ತೋರಿಸಿದ.

"ರಮೇಶಣ್ಣ, ಅದೊಂದು ಬೇಡ. ಅದಿಲ್ದಿದ್ರೆ ನಾಳೆ ಕುರಿಗಳ್ನ ಎಳೀಬೇಕಾಗ್ತದೆ."

"ಎಳೀರಿ ಮಾರಾಯ! ಇದಕ್ಕೆ ಎಂತ, ಪೆನ್ಷನ್ ಕೊಡ್ಬೇಕನಾ?"

ಹೋತವನ್ನು ಯಾರೂ ಎಳೆಯಬೇಕಾಗಲಿಲ್ಲ. ದಿನದ ಕೆಲಸವೆಂದುಕೊಂಡು ತಾನೇ ಓಣಿಯಲ್ಲಿ ನಡೆಯಿತು. ಪಕ್ಕದ ಬಾಗಿಲಿಗೆ ಎರಡು ಸಲ ಬಡಿಯಿತು. ತಿಮ್ಮಣ್ಣನ ಕೈ ಚಿಲಕದ ಮೇಲಿತ್ತು.

"ತೆಗೀಬೇಡ," ಎಂದ ರಮೇಶಣ್ಣ.

ಮತ್ತೆ ಬಡಿಯಿತು. ಮತ್ತೆ... ನಾನು ಅಲ್ಲೇ ನಿಂತಿದ್ದೆ. ಕೊನೆಗೆ ಬಡಿಯುವುದು ನಿಂತಿತು.

ರಾತ್ರಿ ಕರೆಂಟ್ ಹೋಗಿತ್ತು. ಆಫೀಸ್ ಕೋಣೆಯ ಬೆಂಚಿನ ಮೇಲೆ ಮಲಗಿದ್ದೆ. ಫಿನಾಯಿಲ್ ಮತ್ತು ಒದ್ದೆ ಉಣ್ಣೆಯ ವಾಸನೆ. ಕಣ್ಣು ಹತ್ತುವಷ್ಟರಲ್ಲಿ...

ಗಂಟೆಯ ಸದ್ದು.

ಮೊಬೈಲ್ ಟಾರ್ಚ್ ಹಿಡಿದು ಓಡಿದೆ. ಸಂಜೆ ನಾನೇ ಚಿಲಕ ಹಾಕಿದ್ದ ದೊಡ್ಡಿಯ ಗೇಟು ತೆರೆದಿತ್ತು. ಕುರಿಗಳು ಸಾಲಾಗಿ ಓಣಿಯೊಳಗೆ ಹೋಗುತ್ತಿದ್ದವು. ಒಂದೂ ಅರಚುತ್ತಿರಲಿಲ್ಲ.

ಕೊಯ್ಯುವ ಕೋಣೆಯ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿತ್ತು. ಎಲ್ಲವೂ ಓಣಿಯಲ್ಲಿ ತುಂಬಿಕೊಂಡರೆ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಮುಂದೆ ಹೋಗಿ ತಡೆಯೋಣವೆಂದು ಗೋಡೆ ಹತ್ತಿ ಒಳಗೆ ಧುಮುಕಿದೆ. ಗಂಟೆ ನನ್ನ ಮುಂದೆಯೇ ಕೇಳಿಸುತ್ತಿತ್ತು. ಯಾರೋ ಕಳ್ಳರಿರಬೇಕೆಂದು ಅದರ ಹಿಂದೆ ಓಡಿದೆ.

ಓಣಿಯ ಕೊನೆಯಲ್ಲಿ ಟಾರ್ಚ್ ಹಿಡಿದೆ. ಯಾರೂ ಇರಲಿಲ್ಲ.

ತಿರುಗುವಷ್ಟರಲ್ಲಿ ಕುರಿಗಳು ನನ್ನ ಮೇಲೆ ಒತ್ತಿಕೊಂಡು ಬಂದವು. ಹಿಂದಿನವು ಮುಂದಿನವನ್ನು ನೂಕುತ್ತಿದ್ದವು. ಮೊಬೈಲ್ ಬಿತ್ತು. ಎರಡೂ ಕೈ ಎದೆಗೆ ಅಮುಕಿಕೊಂಡಿದ್ದವು, ಬೆರಳು ಆಡಿಸಲೂ ಆಗುತ್ತಿರಲಿಲ್ಲ. ಬೆನ್ನಿಗೆ ಕಬ್ಬಿಣದ ಬಾಗಿಲು. ಕೂಗಲು ಬಾಯಿ ತೆರೆದೆ, ಉಸಿರಿರಲಿಲ್ಲ. ಆ ಕುರಿಗಳಿಗೆ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಸುಮ್ಮನೆ ಮುಂದೆ ಬರುತ್ತಿದ್ದವು... ನಾನು ಇಲ್ಲೇ ಸಾಯುತ್ತೇನೆಂದು ಖಚಿತವಾಯಿತು.

ಆಗ ಮೂಗಿಗೆ ಹೋತದ ಘಾಟು ಬಡಿಯಿತು. ನನ್ನ ಮೊಣಕಾಲಿನ ಪಕ್ಕದಲ್ಲೇ...

ಟಕ್... ಟಕ್.

ಹೊರಗೆ ಚಿಲಕ ಸರಿದ ಸದ್ದು. ಪಕ್ಕದ ಬಾಗಿಲು ತೆರೆಯಿತು. ನಾನು ಗೋಡೆಗೆ ಉಜ್ಜಿಕೊಂಡು ಹೊರಗೆ ಬಿದ್ದೆ.

ತಿಮ್ಮಣ್ಣ ನಿದ್ದೆಗಣ್ಣಿನಲ್ಲಿ ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಇನ್ನೊಂದನ್ನು ಚಾಚಿಕೊಂಡು ನಿಂತಿದ್ದ. ಅಂಗೈಯಲ್ಲಿ ಬೆಲ್ಲದ ಚೂರು.

"ನೀನನಾ? ಮೇಷ್ಟ್ರು ಬಡೀತಲ್ಲ ಅಂತ ತೆಗ್ದೆ ಮಾರಾಯ..." ಎಂದವನು ಅರ್ಧಕ್ಕೇ ನಿಲ್ಲಿಸಿದ. ಸಂಜೆಯದು ಅವನಿಗೆ ಆಗ ನೆನಪಾಗಿರಬೇಕು. ಬೆಲ್ಲ ಕೈಯಿಂದ ಜಾರಿತು.

"ನೀನೇ ಬಡ್ದಿದ್ದಲ್ಲನಾ?" ಎಂದು ಪಿಸುಗುಟ್ಟಿದ.

"ನನ್ನ ಕೈ ಆಡ್ತಿರ್ಲಿಲ್ಲ ತಿಮ್ಮಣ್ಣ."

ಬಾಗಿಲು ತೆರೆದೇ ಇತ್ತು. ಒಂದು ಕುರಿಯೂ ಹೊರಗೆ ಬರಲಿಲ್ಲ. ನಾನು ಒಂದರ ಕಿವಿ ಹಿಡಿದು ಎಳೆದೆ, "ಬಾ, ಬಾ" ಎಂದು ಬೇಡಿಕೊಂಡೆ. ಅಲ್ಲಾಡಲಿಲ್ಲ. ಎಲ್ಲವೂ ನನ್ನನ್ನೇ ನೋಡುತ್ತ ನಿಂತಿದ್ದವು. ಬೆಳಗಿನ ಜಾವ ಕೆಲಸದವರು ಬಂದು ಕಬ್ಬಿಣದ ಬಾಗಿಲು ತೆರೆದಾಗಲೂ ಹಾಗೆಯೇ ಶಿಸ್ತಾಗಿದ್ದವು. ಒಂದನ್ನೂ ಎಳೆಯಬೇಕಾಗಲಿಲ್ಲ.

ಮುಂದಿನ ಶನಿವಾರ ಹೊಸ ಲಾರಿ ಬಂತು. ನನ್ನನ್ನು ಎಂದೂ ನೋಡಿರದ ಕುರಿಗಳು. ನೀರು ಇಡಲು ದೊಡ್ಡಿಗೆ ಹೋದೆ. ಎಲ್ಲವೂ ಎದ್ದು ನನ್ನ ಹಿಂದೆ ಸಾಲಾಗಿ ನಿಂತವು. ನಾನು ನಡೆದರೆ ನಡೆದವು, ನಿಂತರೆ ನಿಂತವು.

ಜಗಲಿಯ ಮೇಲಿದ್ದ ರಮೇಶಣ್ಣ ಹೊಟ್ಟೆ ಹಿಡಿದು ನಕ್ಕ. "ಹೊಸ ಮೇಷ್ಟ್ರು ಸಿಕ್ರಲ್ಲೋ ತಿಮ್ಮಣ್ಣ! ಬೆಲ್ಲ ಕೊಡೋ!"

ತಿಮ್ಮಣ್ಣ ನಗಲಿಲ್ಲ. ನಾನು ಅವತ್ತೇ ಕೆಲಸ ಬಿಟ್ಟೆ.

ಈಗ ಕೊಪ್ಪದಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿದ್ದೇನೆ. ಮಾಂಸದಂಗಡಿಗಳ ದಾರಿ ತಪ್ಪಿಸಿ ಓಡಾಡುತ್ತೇನೆ. ಹೋದ ಭಾನುವಾರ ಅದ್ಯಾವ ಯೋಚನೆಯಲ್ಲಿದ್ದೆನೋ, ಅದೇ ದಾರಿಗೆ ಬಂದುಬಿಟ್ಟೆ. ಅಂಗಡಿಯವನೊಬ್ಬ ಎರಡು ಕುರಿಗಳನ್ನು ಹಗ್ಗ ಹಿಡಿದು ಜಗ್ಗುತ್ತಿದ್ದ. ಅವು ಕಾಲೂರಿ ನಿಂತಿದ್ದವು. ನನ್ನನ್ನು ಕಂಡದ್ದೇ ಹಗ್ಗ ಸಡಿಲವಾಯಿತು. ಎರಡೂ ನನ್ನ ಹಿಂದೆ ಬಂದು ನಿಂತವು.

ಅವನಿಗೆ ಆಶ್ಚರ್ಯ. "ಅರೆ! ಸಾರ್, ಒಂಚೂರು ಒಳಗೆ ಬರ್ತೀರಾ? ನೀವು ಬಂದ್ರೆ ಇವೂ ಬರ್ತಾವೆ."

ಬಸ್ ಸ್ಟ್ಯಾಂಡ್ ಕಡೆ ಓಡಿದೆ. ಹಿಂದೆ ಸಿಮೆಂಟಿನ ಮೇಲೆ ಗೊರಸು ಉಜ್ಜುವ ಸದ್ದು... ಅವನು ಕಾಲು ಹಿಡಿದು ಎಳೆಯುತ್ತಿದ್ದ.

ನಾನು ಒಳಗೆ ಹೋಗಿದ್ದರೆ ಅವು ಸದ್ದಿಲ್ಲದೆ ಬರುತ್ತಿದ್ದವು, ಅದು ನನಗೆ ಗೊತ್ತು. ಆದರೆ ಆ ಅಂಗಡಿಯೊಳಗೆ ಪಕ್ಕದ ಬಾಗಿಲೊಂದು ಇದೆಯೋ ಇಲ್ಲವೋ, ಅದು ಗೊತ್ತಿರಲಿಲ್ಲ.