ಬೆಂಕಿಯ ಚುಕ್ಕಿಗೆ ನಡೆದು ಹೋಗುವ ಹುಲುಗಮ್ಮ

ಬೆಳಗಿನ ಐದೂಕಾಲು. ಬಾದನಹಟ್ಟಿಯ ಹುಲುಗಮ್ಮನ ಮೊಬೈಲು ಕುಂಯ್ ಅನ್ನುತ್ತದೆ. ರೊಟ್ಟಿ ಬಡಿಯುತ್ತ ಕೂತವರು ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಪರದೆ ನೋಡುತ್ತಾರೆ. ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿ. ರಾತ್ರಿ ತಲೆಯ ಮೇಲೆ ಹಾದುಹೋದ ಉಪಗ್ರಹವೊಂದು ಗುಡ್ಡದ ಹತ್ತಿರ ಎಲ್ಲೋ ನೆಲ ಕಾದದ್ದನ್ನು ಕಂಡಿದೆ. ಸುಡುತ್ತಿರುವುದು ಕಾಡೋ ಗದ್ದೆಯೋ ಅದಕ್ಕೆ ತಿಳಿಯುವುದಿಲ್ಲ. ತಿಳಿಯಬೇಕಾದರೆ ಯಾರಾದರೂ ಅಲ್ಲಿಗೆ ಹೋಗಬೇಕು. ಈ ಭಾಗದಲ್ಲಿ ಹಾಗೆ ಹೋಗುವವರು ಹುಲುಗಮ್ಮ. ತವೆಯ ಮೇಲಿನ ರೊಟ್ಟಿ ಇಳಿಸಿ, ಒಲೆಗೆ ನೀರು ಚಿಮುಕಿಸಿ, ಮೊಪೆಡ್ ಹೊರಗೆ ತಳ್ಳುತ್ತಾರೆ.

ಪತ್ರಿಕೆಗೆ ಬರೆಯಲು ಬಂದ ನಾನು ಹಿಂದೆ ಕೂರುತ್ತೇನೆ. "ಗಟ್ಟಿ ಹಿಡ್ಕಳ್ರಿ, ಇದಕ್ಕ ಬ್ರೇಕ್ ಕಮ್ಮಿ, ನನಗ ದಮ್ಮು ಕಮ್ಮಿ" ಅಂತ ಮೊದಲೇ ಹೇಳಿಬಿಡುತ್ತಾರೆ. ಕಾಲುವೆ ದಾರಿಯಲ್ಲಿ ಅರ್ಧ ಗಂಟೆ. ಅಷ್ಟು ಹೊತ್ತಿಗಾಗಲೇ ಮುಖಕ್ಕೆ ಬಿಸಿಗಾಳಿ ರಾಚುತ್ತದೆ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನುವ ನಮ್ಮ ಹಳೆಯ ತಮಾಷೆ ಆ ಹೊತ್ತಿನಲ್ಲಿ ತಮಾಷೆ ಅನ್ನಿಸುವುದಿಲ್ಲ.

ಚುಕ್ಕಿ ತೋರಿಸಿದ ಜಾಗದಲ್ಲಿರುವುದು ಭತ್ತದ ಗದ್ದೆ. ಯಂತ್ರ ಕೊಯ್ದು ಬಿಟ್ಟ ಹುಲ್ಲಿಗೆ ಯಾರೋ ಬೆಂಕಿ ಇಟ್ಟಿದ್ದಾರೆ, ಸಾಲು ಸಾಲಾಗಿ ಬೂದಿ ಬಿದ್ದಿದೆ. ನಾನಾಗಿದ್ದರೆ ರಸ್ತೆಯಿಂದಲೇ ಒಂದು ಫೋಟೊ ಹೊಡೆದು ವಾಪಸ್ ಬರುತ್ತಿದ್ದೆ. ಹುಲುಗಮ್ಮ ಗದ್ದೆ ದಾಟಿ ಗುಡ್ಡದ ಬುಡದವರೆಗೂ ನಡೆಯುತ್ತಾರೆ. ಒಣಹುಲ್ಲಿನೊಳಗೆ ಕೈಯಿಟ್ಟು ಬಿಸಿ ಇದೆಯೇ ನೋಡುತ್ತಾರೆ, ಬಂಡೆಗಳ ಸಂದಿಗೆ ಬಗ್ಗಿ ಮೂಸುತ್ತಾರೆ. ಚುಕ್ಕಿ ಅಂದರೆ ಚುಕ್ಕಿಯಲ್ಲ, ಹೆಚ್ಚುಕಮ್ಮಿ ಮುನ್ನೂರೆಪ್ಪತ್ತೈದು ಮೀಟರಿನ ಚೌಕ. ಅದರೊಳಗೆ ಗದ್ದೆಯೂ ಇರಬಹುದು, ಗುಡ್ಡವೂ ಇರಬಹುದು. ಇಡೀ ಚೌಕ ಸುತ್ತಿ ಬಂದ ಮೇಲೆ ಮೊಬೈಲಿನ ಫಾರಂ ತುಂಬುತ್ತಾರೆ: 'ನೆಲ್ಲುಹುಲ್ಲು.' ಅದರ ಮುಂದೆ ಯಾರೂ ಕೇಳದ ಎರಡು ಮಾತು ಸೇರಿಸುತ್ತಾರೆ: 'ನೋಡಿ ಬರ್ದೀನಿ.'

ನಲವತ್ತಾರರ ಹುಲುಗಮ್ಮ ಓದಿದ್ದು ಏಳನೇ ತರಗತಿ. ಮೊದಲು ನಾಟಿ ಕೂಲಿ, ಆಮೇಲೆ ಸಸಿಗಳಿಗೆ ನೀರು ಹಾಕುವ ಕೆಲಸ, ಈಗ ಏಳು ವರ್ಷದಿಂದ ಗುತ್ತಿಗೆ ಏಜೆನ್ಸಿಯೊಂದರ ಕೆಳಗೆ ಬೆಂಕಿ ಕಾವಲು. ಗಂಡ ತಿಪ್ಪೇಶ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ. ಸುಗ್ಗಿಯ ದಿನಗಳಲ್ಲಿ ದಿನಕ್ಕೆ ನಾಲ್ಕು ಚುಕ್ಕಿ, ಕೆಲವೊಮ್ಮೆ ಒಂಬತ್ತು. ಒಮ್ಮೊಮ್ಮೆ ಸಿರಿಗೇರಿ ಕಡೆಗೂ ಓಡಬೇಕು. ಇಪ್ಪತ್ತು ಚುಕ್ಕಿಯಲ್ಲಿ ಹತ್ತೊಂಬತ್ತು ಬರೀ ಹುಲ್ಲು. ಬೂದಿಯಲ್ಲಿ ಕಾಲಿಟ್ಟು ಎರಡು ಸಲ ಚಪ್ಪಲಿ ಕರಗಿವೆ, ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಕೇಸು ಹಾಕಲು ಬಂದಳು ಅಂತ ಗದ್ದೆಯವರು ಬೈಯುತ್ತಾರೆ. ಒಬ್ಬಾತ ಸನಿಕೆ ಎತ್ತಿಕೊಂಡೇ ಬಂದಿದ್ದನಂತೆ. ಅದನ್ನು ನಗುತ್ತ ಹೇಳುತ್ತಾರೆ, ಕೊನೆಗೆ ಕೆಮ್ಮು ಬಂದು ನಗು ನಿಲ್ಲುತ್ತದೆ.

ಇಪ್ಪತ್ತಕ್ಕೆ ಹತ್ತೊಂಬತ್ತು ಹುಲ್ಲಾದರೆ ಮನುಷ್ಯ ಏನು ಮಾಡುತ್ತಾನೆ? ಕಾವಲುಗಾರರೆಲ್ಲ ಮಾಡುವುದನ್ನೇ ಮಾಡುತ್ತಾನೆ. ಸುಟ್ಟ ಗದ್ದೆಯ ಒಂದು ಫೋಟೊ ಕಾಯಂ ಆಗಿ ಮೊಬೈಲಿನಲ್ಲಿ ಇಟ್ಟುಕೊಂಡಿರುತ್ತಾನೆ. ಕಾಲಿಗೆ ಸೋಲು ಬಂದ ದಿನ ಅದನ್ನೇ ಅಂಟಿಸಿ 'ನೆಲ್ಲುಹುಲ್ಲು' ಅಂತ ಬರೆದು ಕಳಿಸುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ನಾಡು ನಮ್ಮದು. ಕಾಣದೆಯೇ ಪ್ರಮಾಣ ಮಾಡುವುದನ್ನು ಮೊಬೈಲು ಸಲೀಸು ಮಾಡಿಕೊಟ್ಟಿದೆ.

ಎರಡು ವರ್ಷದ ಹಿಂದೆ, ಏಪ್ರಿಲ್‌ನ ಒಂದು ಬೆಳಗ್ಗೆ ಹುಲುಗಮ್ಮನೂ ಅದನ್ನೇ ಮಾಡಿದರು. ಅದರ ಹಿಂದಿನ ಹನ್ನೊಂದು ಚುಕ್ಕಿ ಹುಲ್ಲಾಗಿದ್ದವು. ಮೈಯಲ್ಲಿ ಹುಷಾರಿರಲಿಲ್ಲವೇ ಅಂತ ನಾನೇ ಒಂದು ನೆಪ ಒದಗಿಸಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಹುಷಾರಾಗೇ ಇದ್ದೆ, ಬೇಜಾರಾಗಿತ್ತು, ರೊಟ್ಟಿ ಬಡೀತಾ ಕುಂತಲ್ಲೇ ನಿನ್ನೆಯ ಫೋಟೊ ಹಾಕಿ ಕಳಿಸಿದೆ ಅಂದರು.

ಆ ಬೆಂಕಿಯೂ ಗದ್ದೆಯಲ್ಲೇ ಹುಟ್ಟಿದ್ದು. ಆದರೆ ರಾತ್ರಿಯೆಲ್ಲ ಹೊಗೆಯಾಡುತ್ತ ಬದು ದಾಟಿ ಗುಡ್ಡದ ದಕ್ಷಿಣದ ಇಳಿಜಾರಿಗೆ ಹತ್ತಿತ್ತು. ಏಳೂವರೆಗೆ ಗಾಳಿ ಎದ್ದಿತು. ಇಳಿಜಾರಿನ ಕುರಿಹಟ್ಟಿಯಲ್ಲಿ ಅದೇ ಊರಿನ ಮಾರೇಶ ಇದ್ದ, ಮೂವತ್ತನಾಲ್ಕು ವರ್ಷದವನು. ದೊಡ್ಡ ಕುರಿಗಳನ್ನು ಹೊರಗೆ ಅಟ್ಟಿದ. ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದ ಮೂರು ಎಳೆ ಮರಿಗಳನ್ನು ತರಲು ಮತ್ತೆ ಒಳಗೆ ಹೋದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂರನೇ ದಿನ ತೀರಿಕೊಂಡ. ಐದೂಕಾಲಿಗೆ ಬಂದ ಚುಕ್ಕಿಗೆ ಹುಲುಗಮ್ಮ ಹೋಗಿದ್ದರೆ ಆರು ಗಂಟೆಯೊಳಗೆ ಅಲ್ಲಿರುತ್ತಿದ್ದರು.

"ನಾನು ಹೋಗಿದ್ರ ಅವನು ಉಳೀತಿದ್ನೇನೋ, ನನಗ ಗೊತ್ತಿಲ್ರಿ. ಹೋಗಲಿಲ್ಲಲ್ಲ, ಅದು ಗೊತ್ತೈತಿ."

ಹೋಗಿದ್ದಿರಾ ಅಂತ ಅವರನ್ನು ಯಾರೂ ಕೇಳಲಿಲ್ಲ. ಪೊಲೀಸರ ಕಾಗದದಲ್ಲಿ ಅದು ಆಕಸ್ಮಿಕ ಸಾವು, ಬೆಂಕಿಯ ಪಟ್ಟಿಯಲ್ಲಿ ನೆಲ್ಲುಹುಲ್ಲು. ಎರಡೂ ಕಾಗದ ಇವತ್ತಿನವರೆಗೆ ಒಂದರ ಮುಖ ಒಂದು ನೋಡಿಲ್ಲ. ಹುಲುಗಮ್ಮ ಅಂದಿನಿಂದ ಎರಡು ಕೆಲಸ ಹಿಡಿದರು. ಒಂದು, ಪ್ರತಿ ಚುಕ್ಕಿಗೂ ನಡೆದು ಹೋಗುವುದು. ಇನ್ನೊಂದು, ಎರಡು ಮನೆ ಆಚೆ ಒಬ್ಬರೇ ಉಳಿದ ಮಾರೇಶನ ತಾಯಿ ಮಂಜಮ್ಮನಿಗೆ ದಿನಾ ನಲ್ಲಿಯಿಂದ ನಾಲ್ಕು ಕೊಡ ನೀರು ತುಂಬಿಕೊಡುವುದು.

ಹಾಗೇ ನಡೆದುಹೋಗುತ್ತಿತ್ತೇನೋ. ಆದರೆ ಕಳೆದ ಡಿಸೆಂಬರ್‌ನಲ್ಲಿ, ಯಾವ ಚೌಕಗಳಿಗೆ ಕಾವಲುಗಾರರು ಹೋಗಬೇಕು ಅನ್ನುವ ಹೊಸ ಪಟ್ಟಿ ಬಂತು. ಬಳ್ಳಾರಿಯ ಗಾಂಧಿನಗರದ ಒಂದು ಮಹಡಿಯ ಮೇಲೆ ಏಜೆನ್ಸಿಯ ಕಚೇರಿ ಇದೆ. ಅಲ್ಲಿ ಕೂತು ಚುಕ್ಕಿಗಳನ್ನು ಹಂಚುವ ಜಯಶ್ರೀ ನನಗೆ ಪರದೆ ತೋರಿಸಿ ವಿವರಿಸುತ್ತಾರೆ. ಹುಲ್ಲಿನ ಚುಕ್ಕಿಗಳ ಹಿಂದೆ ಜನರನ್ನು ಓಡಿಸುವುದು ವ್ಯರ್ಥ ಅಂತ, ಕಾವಲುಗಾರರ ಹಳೆಯ ವರದಿಗಳನ್ನೇ ಆಧಾರ ಮಾಡಿಕೊಂಡು, ಯಾವ ಚೌಕದಲ್ಲಿ ಬರೀ ಹುಲ್ಲು ಅಂತ ಬಂದಿದೆಯೋ ಅದನ್ನೆಲ್ಲ ಪಟ್ಟಿಯಿಂದ ತೆಗೆದರು. ಅಲ್ಲಿ ಮತ್ತೆ ಬೆಂಕಿ ಕಂಡರೂ ಯಾರ ಮೊಬೈಲೂ ಕುಂಯ್ ಅನ್ನುವುದಿಲ್ಲ. ಲೆಕ್ಕ ತಪ್ಪೇನಲ್ಲ. ಆದರೆ ದಕ್ಷಿಣದ ಇಳಿಜಾರಿನ ಚೌಕಕ್ಕೆ ಇದ್ದದ್ದು ಒಂದೇ ವರದಿ. ಹುಲುಗಮ್ಮನದು. ಮಾರೇಶ ಸುಟ್ಟ ಜಾಗ ಗದ್ದೆ ಅಂತ ಆಗಿಹೋಯಿತು.

ಅಲ್ಲಿ ಈಗಲೂ ಮೂರು ಕುರಿಹಟ್ಟಿಗಳಿವೆ, ಏಳೆಂಟು ಜನ ಮಲಗುತ್ತಾರೆ. ಆ ಚೌಕ ಪಟ್ಟಿಗೆ ವಾಪಸ್ ಬರಬೇಕಾದರೆ ದಾರಿ ಒಂದೇ, ಆ ವರದಿ ಸುಳ್ಳು ಅಂತ ಬರೆದವರೇ ಹೇಳಬೇಕು. ಹೇಳಿದರೆ ಕೆಲಸ ಹೋಗುತ್ತದೆ ಅನ್ನುವುದು ಹುಲುಗಮ್ಮನಿಗೆ ಗೊತ್ತಿತ್ತು. ಬೇಡ ಲೇ, ಸುಮ್ನಿರು ಅಂತ ತಿಪ್ಪೇಶ ಒಂದು ವಾರ ಗೋಗರೆದನಂತೆ. ಅವರು ಒಂದು ಹಾಳೆಯ ಮೇಲೆ ನಡೆದದ್ದೆಲ್ಲ ಬರೆದರು. ಆದರೆ ಅದನ್ನು ಬಳ್ಳಾರಿಗೆ ಒಯ್ಯುವ ಮೊದಲು ಮಂಜಮ್ಮನ ಮನೆಗೆ ಹೋಗಿ ಓದಿ ಹೇಳಿದರು.

ಮಂಜಮ್ಮ ಕೊನೆಯವರೆಗೂ ಕೇಳಿಸಿಕೊಂಡರಂತೆ. ಆಮೇಲೆ ಕೇಳಿದ್ದು ಒಂದೇ ಮಾತು. "ಎರಡು ವರ್ಷ ನನ್ನ ಮನಿಗೆ ನೀರು ತುಂಬಿದ್ದು ಇದಕ್ಕೇನು?"

ಮರುದಿನದಿಂದ, ಹುಲುಗಮ್ಮ ತುಂಬಲೆಂದು ಇಡುತ್ತಿದ್ದ ಕೊಡಗಳು ಹೊರಗಿಲ್ಲ. ಮಂಡಿನೋವಿನ ಮಂಜಮ್ಮ ಅರ್ಧರ್ಧ ಕೊಡ ತಾವೇ ಎಳೆದುಕೊಂಡು ಹೋಗುವುದನ್ನು ನಾನೂ ನೋಡಿದೆ. ಹುಲುಗಮ್ಮ ನಲ್ಲಿಯ ಹತ್ತಿರ ಸರದಿ ಬಿಟ್ಟು ದೂರ ನಿಂತಿದ್ದರು. ಮಂಜಮ್ಮನನ್ನು ಮಾತಾಡಿಸದೆ ನಾನು ವಾಪಸ್ ಬಂದೆ.

ಹಾಳೆ ಕೊಟ್ಟು ನಾಲ್ಕು ತಿಂಗಳಾಯಿತು. ಏಜೆನ್ಸಿಯವರು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ನೋಡೋಣ, ಮೇಲಿನವರಿಗೆ ಕಳಿಸಿದ್ದೇವೆ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟರು. ಹೋದ ವಾರ ಮುಂದಿನ ತಿಂಗಳ ಕಾವಲುಗಾರರ ಹೆಸರು ಬಂದವು, ಅದರಲ್ಲಿ ಹುಲುಗಮ್ಮ ಇಲ್ಲ. ಅವರ ಮೊಬೈಲಿಗೆ ಚುಕ್ಕಿ ಬರುವುದು ಇನ್ನು ಒಂಬತ್ತು ದಿನ. ಅದೇ ಪರದೆಯಲ್ಲಿ ಜಯಶ್ರೀ ಇನ್ನೊಂದನ್ನೂ ತೋರಿಸುತ್ತಾರೆ. ದಕ್ಷಿಣದ ಇಳಿಜಾರಿನ ಚೌಕ ಪಟ್ಟಿಗೆ ವಾಪಸ್ ಬಂದಿದೆ.

ಆ ಸುದ್ದಿಯನ್ನು ನಾನೇ ಬಾದನಹಟ್ಟಿಗೆ ಒಯ್ಯುತ್ತೇನೆ. ಹುಲುಗಮ್ಮ ಗುಡ್ಡದಿಂದ ಇಳಿದು ಬಂದು ಕಟ್ಟೆಯ ಮೇಲೆ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದಾರೆ. ಒಳ್ಳೇದಾತು ಬಿಡ್ರಿ ಅನ್ನುತ್ತಾರೆ, ಅಷ್ಟೆ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಅಂತ ಮತ್ತೊಮ್ಮೆ ಕೇಳುತ್ತೇನೆ. ಮಂಜಮ್ಮಗ ಹೇಳಿ ಆಗೈತಲ್ಲ, ಇನ್ನ ಯಾರಿಗೆ ಅಂಜಲಿ ಅನ್ನುತ್ತಾರೆ. ಕೆಲಸ ವಾಪಸ್ ಕೊಡಿಸಿ ಅನ್ನಬಹುದು ಅಂದುಕೊಂಡು, ಅಧಿಕಾರಿಗಳಿಗೆ ಏನಾದರೂ ಹೇಳುವುದಿದೆಯೇ ಅನ್ನುತ್ತೇನೆ. ಅವರು ಮೊಬೈಲು ತೆಗೆದು ಆ ಫಾರಂ ನನ್ನ ಮುಂದೆ ಹಿಡಿಯುತ್ತಾರೆ.

"ಏನು ಸುಟ್ಟೈತಿ ಅಂತ ಕೇಳ್ತೈತಿ, ಎಷ್ಟು ಸುಟ್ಟೈತಿ ಅಂತ ಕೇಳ್ತೈತಿ. ನೀನು ಅಲ್ಲಿಗೆ ಹೋಗಿದ್ದೇನು ಅಂತ ಎಲ್ಲಿ ಕೇಳೈತಿ ನೋಡ್ರಿ. ಅದೊಂದು ಖಾನಿ ಹಾಕಾಕ ಹೇಳ್ರಿ, ನನ್ನ ಜಾಗಕ್ಕ ಬರೋರ ಸಲುವಾಗಿ. ಹುಲ್ಲು ಅಂತ ಸುಳ್ಳು ಬರಿಯಾಕ ನನ್ನ ಕೈ ಬಂತು. ಹೋಗದೇ ಹೋಗೀನಿ ಅಂತ ಬರಿಯಾಕ ಕೈ ಬರ್ತಿದ್ದಿಲ್ಲ."